ಬಿಳಿ ದಾರದ ಗಂಟು

ಅಕ್ಕಸಾಲಿ ಕಾಳಪ್ಪನಿಗೆ ಮನುಷ್ಯರ ಮೇಲೆ ಅಂಥಾ ಪ್ರೀತಿಯೇನೂ ಇರಲಿಲ್ಲ. ಇದ್ದ ಅಷ್ಟಿಷ್ಟು ಪ್ರೀತಿಯೂ ಬೆಳಗಿನ ಹೊತ್ತು ಕಾವೇರಿ ದಾಟುವಾಗ ಕರಗಿ ಹೋಗುತ್ತಿತ್ತು. ಅವನ ಕೆಲಸ ಗಂಜಾಮಿನಲ್ಲಿ, ಸೋದರಳಿಯ ಲಕ್ಷ್ಮಣನ ಅಂಗಡಿಯಲ್ಲಿ. ಮನೆ ಮಾತ್ರ ಹೊಳೆಯ ಉತ್ತರ ದಡದ ಕೊಪ್ಪಲಿನಲ್ಲಿ. ದಿನಾ ಬೆಳಗ್ಗೆ ಹರಿಗೋಲು ಹತ್ತಬೇಕು, ದಿನಾ ಸಂಜೆ ಹರಿಗೋಲು ಇಳಿಯಬೇಕು. ಹರಿಗೋಲೆಂದರೆ ಗೊತ್ತಲ್ಲ, ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದ ದೋಣಿ. ಅದರಲ್ಲಿ ಮೂಲೆ ಅನ್ನುವುದೇ ಇಲ್ಲ. ಯಾವ ಕಡೆ ತಿರುಗಿ ಕೂತರೂ ಎದುರಿಗೊಂದು ಮುಖ, ಆ ಮುಖಕ್ಕೊಂದು ಬಾಯಿ, ಆ ಬಾಯಿಯ ತುಂಬ ಮಾತು.

ಯಾರ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡು ತೌರಿಗೆ ಹೋದಳು, ಸುಲ್ತಾನರ ಕಾರ್ಖಾನೆಯಲ್ಲಿ ನಿನ್ನೆ ಯಾರಿಗೆ ಬೈಗುಳ ಬಿತ್ತು, ಇಂಥವೇ ಮಾತು. ಕಾಳಪ್ಪ ತನ್ನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತವನ ಹಾಗೆ ಕೂತುಬಿಡುತ್ತಿದ್ದ. ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ಕಣ್ಣು ಬಿಟ್ಟರೂ ಅಷ್ಟೆ, ಮುಚ್ಚಿದರೂ ಅಷ್ಟೆ ಅನ್ನುವ ಕಾಲ ಹತ್ತಿರ ಬಂದಿತ್ತು.

ಎರಡು ಕಣ್ಣಿಗೂ ಪೊರೆ. ಸುಡುಬಿಸಿಲಿನಲ್ಲಿ ವಸ್ತುವಿನ ಆಕಾರ ಕಾಣುತ್ತಿತ್ತು, ಬಣ್ಣ ಮಾಸಲಾಗಿ ಕಾಣುತ್ತಿತ್ತು. ಹೊತ್ತು ಇಳಿಯಿತೆಂದರೆ ಎಲ್ಲವೂ ಮಜ್ಜಿಗೆ. ಕೆಲಸ ಮಾತ್ರ ಹೇಗೋ ನಡೆಯುತ್ತಿತ್ತು. ನಲವತ್ತು ವರ್ಷ ಒಂದೇ ಕಸುಬು ಮಾಡಿದ ಬೆರಳುಗಳು ಕಣ್ಣನ್ನು ಕೇಳದೆಯೇ ಚಿನ್ನವನ್ನು ಬಾಗಿಸುತ್ತಿದ್ದವು. ಹೆಂಡತಿ ಸುಬ್ಬಮ್ಮನಿಗೆ ವಿಷಯ ಗೊತ್ತಿತ್ತು. ಬಾಯಿ ಬಿಡಬಾರದೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಲಕ್ಷ್ಮಣನಿಗೆ ತಿಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಹೆಸರೂ ಹೋಗುತ್ತದೆ ಎಂದು ಅವನ ಹೆದರಿಕೆ. ಕಣ್ಣು ಕಾಣದ ಅಕ್ಕಸಾಲಿಯ ಕೈಗೆ ಯಾರು ಚಿನ್ನ ಕೊಟ್ಟಾರು?

ಹೀಗೆ ಗುಟ್ಟು ಕಟ್ಟಿಕೊಂಡು ಓಡಾಡುವವನಿಗೆ ಎದುರಿಗೆ ಕೂತವರೆಲ್ಲ ಕಳ್ಳರ ಹಾಗೆ ಕಾಣುತ್ತಾರೆ. ಹೂ ಮಾರುವ ಚಿಕ್ಕಬೋರಮ್ಮ ಹತ್ತುವಾಗ ಇಳಿಯುವಾಗ ಅವನ ಮೊಣಕೈ ಹಿಡಿದು ಮಾತಿಗೆ ಶುರು ಮಾಡುತ್ತಿದ್ದಳು. ಇವಳದು ಎಂಥಾ ಸಲಿಗೆ ಅಂದುಕೊಳ್ಳುತ್ತಿದ್ದ. ಅಂಬಿಗ ಮಂಚಯ್ಯ ದಡ ಹತ್ತಿರ ಬಂದ ಕೂಡಲೇ 'ಕಲ್ಲದೆ, ಎಡಗಡೆ ಕಲ್ಲದೆ' ಎಂದು ದಿನಾ ಅರಚುತ್ತಿದ್ದ. ದಿನಾ ಇರುವ ಕಲ್ಲನ್ನು ದಿನಾ ಕೂಗಿ ಹೇಳುವ ಪೆದ್ದ ಅಂದುಕೊಳ್ಳುತ್ತಿದ್ದ. ಕಾರ್ಖಾನೆಯಲ್ಲಿ ಬಂದೂಕಿನ ನಳಿಗೆ ಉಜ್ಜುವ ಹುಸೇನ್ ಸಾಬಿ ಯಾವಾಗಲೂ ಮೊದಲು ಇಳಿದು 'ಪೆಟ್ಟಿಗೆ ಇಲ್ಲಿ ಕೊಡಿ' ಎಂದು ಕೈ ಚಾಚುತ್ತಿದ್ದ. ಇವನಿಗೆ ಮಗಳ ಕಾಲುಂಗುರ ಬಿಟ್ಟಿ ಆಗಬೇಕು ಅಂತ ಕಾಣುತ್ತದೆ ಅಂದುಕೊಳ್ಳುತ್ತಿದ್ದ. ಒಟ್ಟಿನಲ್ಲಿ ಆ ಹರಿಗೋಲಿನಲ್ಲಿ ಬುದ್ಧಿಯಿದ್ದವನು ತಾನೊಬ್ಬನೇ ಎಂದು ಕಾಳಪ್ಪನಿಗೆ ಖಾತ್ರಿಯಾಗಿತ್ತು.

ಆ ವರ್ಷ ಆಷಾಢ ಕಳೆದು ಶ್ರಾವಣದ ಮೊದಲ ಲಗ್ನಗಳು ಬಂದವು. ಸುಲ್ತಾನರ ಕೋಟೆಗೆ ಮುತ್ತಿಗೆ ಬಿದ್ದ ಕಾಲದಲ್ಲಿ ಊರು ಬಿಟ್ಟು ಓಡಿದ್ದ ಜನ ತಿರುಗಿ ಬಂದು, ಮನೆ ಎಬ್ಬಿಸಿಕೊಂಡು, ನಾಲ್ಕು ಬೆಳೆ ತೆಗೆದು, ಈಗ ಮದುವೆಗೆ ಕೈ ಹಾಕಿದ್ದರು. ಲಕ್ಷ್ಮಣನ ಅಂಗಡಿಯ ಅಗ್ಗಿಷ್ಟಿಕೆಗೆ ಬಿಡುವೇ ಇರಲಿಲ್ಲ. ಎರಡು ತಾಳಿಯ ಕೆಲಸ ಕಾಳಪ್ಪನ ಪಾಲಿಗೆ ಬಂತು. ಒಂದು ಹಿರೋಡೆ ಪಕ್ಕದ ಇನ್ನೊಂದು ಕೊಪ್ಪಲಿನ ದ್ಯಾವಮ್ಮನ ಮೊಮ್ಮಗಳಿಗೆ. ಈಗ ಪಾಂಡವಪುರ ಅನ್ನುವ ಊರನ್ನು ಆಗ ಹಿರೋಡೆ ಅನ್ನುತ್ತಿದ್ದರು. ಅವರದು ನಾಮದ ಒಕ್ಕಲು, ತಾಳಿಯ ಮೇಲೆ ನಾಮ ಎದ್ದು ಕಾಣಬೇಕು. ಇನ್ನೊಂದು ನಾಗಮಂಗಲದ ಕಡೆ ಹೊಣಕೆರೆಯ ಮುದ್ದಯ್ಯನ ಮಗಳಿಗೆ. ಅವರದು ಶಿವನ ಒಕ್ಕಲು, ತಾಳಿಯ ಮೇಲೆ ಲಿಂಗ ಇರಬೇಕು. ದ್ಯಾವಮ್ಮನ ಮನೆಯ ಲಗ್ನ ಶುಕ್ರವಾರ ಗೋಧೂಳಿಗೆ, ಮುದ್ದಯ್ಯನ ಮನೆಯದು ಶನಿವಾರ ಬೆಳಗ್ಗೆ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಅಕ್ಕಸಾಲಿಯೇ ತಾಳಿಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊರದಲ್ಲಿ ಅಕ್ಕಿಯ ಮೇಲಿಟ್ಟು ಮದುವೆಯ ಮನೆಯವರ ಕೈಗೆ ಕೊಡಬೇಕು. ಕೊಟ್ಟ ಮೇಲೆ ಧಾರೆಯ ಹೊತ್ತಿನವರೆಗೆ ಆ ಗಂಟು ಬಿಚ್ಚಕೂಡದು. ಕಾಳಪ್ಪ ತನ್ನ ಗುರುತಿಗೆಂದು ನಾಮದ ತಾಳಿಯ ಗಂಟಿಗೆ ಅರಿಶಿನ ಬಳಿದ ದಾರ ಕಟ್ಟಿದ, ಲಿಂಗದ ತಾಳಿಯ ಗಂಟಿಗೆ ಬಿಳಿ ದಾರ ಕಟ್ಟಿದ. ಗುರುವಾರ ಎರಡೂ ಮನೆಯವರು ಹೊಳೆ ದಾಟಿ ಅಂಗಡಿಗೆ ಬರುವ ಹೊತ್ತಿಗೆ ಮೋಡ ಕವಿದು ಬೆಳಕು ಸತ್ತಿತ್ತು. ಎರಡು ದಾರವೂ ಕಾಳಪ್ಪನ ಕಣ್ಣಿಗೆ ಒಂದೇ ಆದವು. ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಿದ್ದರೆ ಸಾಕಿತ್ತು, ನಾಮ ಯಾವುದು ಲಿಂಗ ಯಾವುದು ಎಂದು ಬೆರಳೇ ಹೇಳುತ್ತಿತ್ತು. ಆದರೆ ಲಕ್ಷ್ಮಣ ಎದುರಿಗೇ ನಿಂತಿದ್ದ. ತಡಕಾಡಿದರೆ ಇವನಿಗೆ ಕಣ್ಣು ಕಾಣುವುದಿಲ್ಲವೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಕಾಳಪ್ಪ ಭಾರಿ ಕಾಣುವವನ ಹಾಗೆ ಥಟ್ಟನೆ ಒಂದನ್ನೆತ್ತಿ ದ್ಯಾವಮ್ಮನ ಮೊರಕ್ಕಿಟ್ಟ, ಇನ್ನೊಂದನ್ನು ಮುದ್ದಯ್ಯನ ಮೊರಕ್ಕಿಟ್ಟ.

ಶುಕ್ರವಾರ ಬೆಳಗ್ಗೆ ಎಂದಿನಂತೆ ಹರಿಗೋಲು ಹೊರಟಿತು. ಎಂದಿನಂತೆ ಕಾಳಪ್ಪ ಕಣ್ಣು ಮುಚ್ಚಿ ಕೂತ. ಎಂದಿನಂತೆ ಚಿಕ್ಕಬೋರಮ್ಮ ಬಾಯಿ ಬಿಟ್ಟಳು.

"ನೆನ್ನೆ ಸಂದೇಲಿ ದ್ಯಾವಮ್ಮಾರು ನನ್ ಜೊತೇಲೇ ಒಳೆ ದಾಟುದ್ರು ಕಣ್ ಮಂಚಣ್ಣ. ಮೊರವ ತೊಡೆ ಮ್ಯಾಲೆ ಇಟ್ಕಂಡಿದ್ರು, ಕೂಸು ಮಲಗ್ಸ್ಕಂಡಂಗೆ. ಅರಿಸಿಣದ ಬಟ್ಟೆ, ಅದುಕ್ಕೆ ಬೆಳ್ಳಗೆ ದಾರ. ನೋಡಿ ನಂಗೆ ಕಣ್ಣು ತುಂಬ್ಬಂತು ಕಣಪ್ಪ."

"ಇವತ್ತೇ ಅಲ್ವಾ ಲಗ್ನ?" ಎಂದ ಮಂಚಯ್ಯ, ಹುಟ್ಟು ಹಾಕುತ್ತಲೇ.

ಕಾಳಪ್ಪ ಕಣ್ಣು ಬಿಟ್ಟ. "ಯಾವ ದಾರ ಅಂದೆ?"

"ಬಿಳಿ ದಾರ ಕಣ್ ಆಚಾರ್ರೆ. ನೀವೇ ಕಟ್ಟಿದ್ದಲ್ವಾ?"

ಕಾಳಪ್ಪ ಎದ್ದು ನಿಂತುಬಿಟ್ಟ. ಹರಿಗೋಲಿನಲ್ಲಿ ಎದ್ದು ನಿಲ್ಲುವುದೆಂದರೇನು? ಅದು ಒಂದು ಕಡೆಗೆ ವಾಲಿ, ಅಂಚಿನಿಂದ ನೀರು ಒಳಕ್ಕೆ ಹಾರಿತು. ಹುಸೇನ್ ಸಾಬಿ ಅವನ ಪಂಚೆ ಹಿಡಿದು ಕೆಳಕ್ಕೆಳೆದ. "ಕೂತ್ಕಳಿ ಆಚಾರ್ರೆ, ನಮ್ಮನ್ನೂ ಗಂಗಮ್ಮಂಗೆ ಕೊಟ್ಬುಟ್ಟೀರಾ!" ಎಂದು ಮಂಚಯ್ಯ ಕೂಗಿದ.

ಕೂತ. ದ್ಯಾವಮ್ಮನ ಮೊರದಲ್ಲಿ ಬಿಳಿ ದಾರವಿದ್ದರೆ ಅದು ಲಿಂಗದ ತಾಳಿ. ಇವತ್ತು ಗೋಧೂಳಿಯ ಹೊತ್ತಿಗೆ, ಬೀಗರು, ನೆಂಟರು, ಊರ ಹಿರಿಯರು ಎಲ್ಲರ ಕಣ್ಣೆದುರಿಗೆ ಗಂಟು ಬಿಚ್ಚುತ್ತಾರೆ. ನಾಮದ ಮನೆಯ ಹುಡುಗಿಗೆ ಇನ್ನೊಬ್ಬರ ಮನೆಯ ತಾಳಿ. ಅಪಶಕುನ ಎಂದು ಗಂಡಿನ ಕಡೆಯವರು ಎದ್ದು ಹೋದರೂ ಹೋದಾರು. ಆ ಹುಡುಗಿ ಹಸೆಯ ಮೇಲೆ ಕೂತೇ ಇರುತ್ತಾಳೆ. ನಾಳೆ ಹೊಣಕೆರೆಯಲ್ಲೂ ಇದೇ ಕಥೆ.

ಸುಮ್ಮನಿದ್ದುಬಿಡಬಹುದಿತ್ತು. ಅದನ್ನೂ ಹೇಳಬೇಕಲ್ಲ. ಕೇಳಿದವರಿಗೆ 'ಅಂಗಡಿಯಲ್ಲಿ ಅದಲುಬದಲಾಗಿರಬೇಕು' ಎಂದು ಲಕ್ಷ್ಮಣನ ಕಡೆ ಕೈ ತೋರಿಸಬಹುದಿತ್ತು. ಹೊಳೆಯ ನಡುಮಧ್ಯದಲ್ಲಿ, ಸುಳಿಯ ಸುತ್ತ ಹರಿಗೋಲು ಒಂದು ಸುತ್ತು ತಿರುಗುವಷ್ಟು ಹೊತ್ತು, ಕಾಳಪ್ಪ ಆ ಯೋಚನೆಯನ್ನು ಮಾಡಿಯೂ ಮಾಡಿದ. ಆಮೇಲೆ ಆ ಹುಡುಗಿ ಹಸೆಯ ಮೇಲೆ ಕೂತಿರುವುದು ಕಣ್ಣಿಗೆ ಕಟ್ಟಿತು. ಹೊರಗಿನದು ಕಾಣದ ಕಣ್ಣಿಗೆ ಒಳಗಿನದು ಬೇಕಾದಷ್ಟು ಕಾಣುತ್ತಿತ್ತು.

"ತಾಳಿ ಅದ್ಲುಬದ್ಲಾಗೋಗದೆ," ಎಂದ. "ನಾನೇ ಕೊಟ್ಟೆ. ಅವರದ ಇವರ್ಗೆ, ಇವರದ ಅವರ್ಗೆ."

ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ಕೇಳುತ್ತಾರೆ, ಕತ್ತಲಾಗಿತ್ತು ಎಂದು ಹೇಳೋಣವೆಂದು ಕಾಳಪ್ಪ ಮಾತು ಸಿದ್ಧ ಮಾಡಿಕೊಂಡಿದ್ದ. ಅದು ಬಾಯಲ್ಲೇ ಉಳಿಯಿತು.

"ಮುದ್ದಯ್ಯಾರ ಗಾಡಿ ರಾತ್ರಿ ಹಿರೋಡೇಲಿ ತಂಗಿರ್ತದೆ," ಎಂದಳು ಚಿಕ್ಕಬೋರಮ್ಮ. "ಇಷ್ಟೊತ್ಗೆ ನಾಗಮಂಗಲದ ದಾರಿ ಇಡ್ದಿರ್ತದೆ. ಎತ್ತಿನ ಗಾಡಿ, ಎಷ್ಟು ದೂರ ಓಗಿದ್ದಾತು? ಯಾರಾದ್ರೂ ಓಡ್ಬೇಕು."

"ಓಡೋನು ಆ ದಡದಾಗೆ ನಿಂತವ್ನೆ ನೋಡು," ಎಂದ ಮಂಚಯ್ಯ.

ಗಂಜಾಮಿನ ದಡದಲ್ಲಿ ಅಂಚೆಯ ಹರಿಕಾರ ಹೊನ್ನಪ್ಪ ನಿಂತಿದ್ದ. ಭುಜದ ಮೇಲೆ ಚೀಲ, ಕೈಯಲ್ಲಿ ಗೆಜ್ಜೆಯ ಕೋಲು. ದಿನಾ ಇದೇ ಹರಿಗೋಲು ತಿರುಗಿ ಹೋಗುವಾಗ ಆಚೆ ದಾಟಿ, ನಾಗಮಂಗಲದ ದಾರಿಯಲ್ಲಿ ಚೀಲ ಕೈ ಬದಲಾಯಿಸುವ ಮುಂದಿನ ಕಟ್ಟೆಯವರೆಗೆ ಓಡುವುದೇ ಅವನ ಕೆಲಸ. ವಿಷಯ ಕೇಳಿ ಅವನು ತಲೆ ಕೆರೆದುಕೊಂಡ.

"ನನ್ ಚೀಲ ನಿಲ್ಲಂಗಿಲ್ಲ ಆಚಾರ್ರೆ. ಗಾಡಿ ಸಿಕ್ಕುದ್ರೆ ಮಾತು ಯೋಳ್ತೀನಿ, ಮುಂದಕ್ಕೋಯ್ತೀನಿ. ಆದ್ರೆ ದಾರೀಲಿ ಓಡೋನು ಬಂದು ತಿರುಗ್ಸಿ ಗಾಡಿಯ ಅಂದ್ರೆ ಆ ಗೌಡ ನಂಬ್ಬೇಕಲ್ಲ?"

ಕಾಳಪ್ಪ ಪೆಟ್ಟಿಗೆ ತೆರೆದು ತನ್ನ ಒರೆಗಲ್ಲನ್ನು ತೆಗೆದ. ಅವನ ತಾತ ಚಿನ್ನವನ್ನು ಉಜ್ಜಿ ನೋಡಿದ ಕಲ್ಲು ಅದು. ಅಕ್ಕಸಾಲಿ ಹೆಂಡತಿಯ ಓಲೆಯನ್ನಾದರೂ ಇನ್ನೊಬ್ಬರಿಗೆ ಕೊಟ್ಟಾನು, ಒರೆಗಲ್ಲನ್ನು ಕೈ ದಾಟಿಸುವುದಿಲ್ಲ. ಅದು ಆ ಸೀಮೆಯ ಮಕ್ಕಳಿಗೂ ಗೊತ್ತು. "ಇದ ತೋರ್ಸು. ದ್ಯಾವಮ್ಮಾರ ಅಟ್ಟಿಗೆ ಬರಕ್ಕೇಳು, ನಾನು ಅಲ್ಲಿರ್ತೀನಿ ಅನ್ನು."

ಹೊನ್ನಪ್ಪ ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸೊಂಟಕ್ಕೆ ಬಿಗಿದುಕೊಂಡ.

"ಲಕ್ಷ್ಮಣಾಚಾರಿಗೆ ಏನು ಹೇಳ್ಲಿ?" ಎಂದು ಹುಸೇನ್ ಸಾಬಿ ಕೇಳಿದ. ಅವನು ಇಳಿದು ಆಗಲೇ ದಡದಲ್ಲಿ ನಿಂತಿದ್ದ.

"ಜ್ವರ ಅಂತ ಯೋಳಿ ಸಾಬ್ರೆ."

"ಬುಖಾರ್? ಹೊಳೆ ಮಧ್ಯೆ ಬಂತಾ ಬುಖಾರ್?" ಎಂದು ಗೊಣಗಿಕೊಂಡು ಅವನು ಹೊರಟುಹೋದ.

ಹರಿಗೋಲು ತಿರುಗಿತು. ಚಿಕ್ಕಬೋರಮ್ಮ ಇಳಿದಿರಲಿಲ್ಲ. "ನಾನೂ ಬತ್ತೀನಿ, ದಾರಿ ಕೆಸರಾಗದೆ," ಎಂದಳು. ನಿಮಿಷಾಂಬೆಯ ಗುಡಿಯ ಮುಂದೆ ಮಾರಬೇಕಾದ ಹೂವಿನ ಬುಟ್ಟಿಯನ್ನು ಮಂಚಯ್ಯನ ಕಾಲ ಬಳಿ ಸರಿಸಿ, "ಮಂಚಣ್ಣ, ಇವ ಅವ್ವಂಗೇ ಆಕ್ಬುಡು. ಶುಕ್ರವಾರ, ಮುಡ್ಕಳ್ಲಿ," ಅಂದಳು. ಅವಳ ಇಡೀ ದಿನದ ಗಳಿಕೆ ಆ ಬುಟ್ಟಿಯಲ್ಲಿತ್ತು. ಬೇಡ ಎನ್ನಬೇಕೆಂದು ಕಾಳಪ್ಪನ ಬಾಯಿಗೆ ಬಂತು. ಆದರೆ ಮಳೆಗೆ ನೆಂದ ದಾರಿಯಲ್ಲಿ ಒಬ್ಬನೇ ಹೋದರೆ ತಾನು ಯಾವ ಹಳ್ಳದಲ್ಲಿ ಬೀಳುತ್ತೇನೋ ಎಂದು ಅವನಿಗೂ ಗೊತ್ತಿತ್ತು. ಸರಿದು ಅವಳಿಗೆ ಜಾಗ ಬಿಟ್ಟ.

ದಡ ಮುಟ್ಟಿದ್ದೇ ಹೊನ್ನಪ್ಪ ಗೆಜ್ಜೆ ಕುಣಿಸುತ್ತಾ ಓಡಿದ. ಇವರಿಬ್ಬರೂ ಹಿಂದಿನಿಂದ ನಡೆದರು. ಚಿಕ್ಕಬೋರಮ್ಮ ಒಂದು ಹೆಜ್ಜೆ ಮುಂದೆ, ಕಾಳಪ್ಪ ಒಂದು ಹೆಜ್ಜೆ ಹಿಂದೆ. ಅವಳು ನಡೆಯುತ್ತಾ ತನಗೆ ತಾನೇ ಮಾತಾಡಿಕೊಳ್ಳುವಂತೆ ಹೇಳುತ್ತಿದ್ದಳು. "ಇಲ್ಲೊಂದು ಗುಂಡಿ. ಇಲ್ಲಿ ಜಾರ್ತದೆ. ಇದ್ಯಾರಪ್ಪ, ಎತ್ತ ಅಡ್ಡ ಕಟ್ಟವ್ರೆ, ಬಲಗಡೀಕೆ ಬರ್ಬೇಕು." ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಳಪ್ಪ ನಿಂತುಬಿಟ್ಟ.

"ಬೋರಮ್ಮ, ನಿಂಗೆ ಎಂಗ್ ಗೊತ್ತು?"

"ಏನು?"

"ಏನು ಅಂತ ಕೇಳ್ತೀಯಲ್ಲ, ಬುಡು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ವರ್ಸ ಆಯ್ತಾ ಬಂತು ಕಣ್ ಆಚಾರ್ರೆ. ಓದ ಕಾರ್ತೀಕದಾಗೆ ನೀವು ಬಂದೋರು ನನ್ ಸೇವಂತಿಗೆ ಬುಟ್ಟಿ ಮ್ಯಾಲೇ ಕೂತ್ಕಂಡ್ರಲ್ಲ. ಕೂತ್ಕಂಡು, ನಂಗೇ ಬೈದ್ರಿ. ಆವತ್ತೇ ತಿಳೀತು. ಮಂಚಣ್ಣಂಗೂ ಗೊತ್ತು, ಸಾಬ್ರಿಗೂ ಗೊತ್ತು. ಕಲ್ಲದೆ ಕಲ್ಲದೆ ಅಂತ ಅವ್ನು ದಿನಾ ಯಾರ್ಗೆ ಬಡ್ಕತಾನೆ ಅನ್ಕಂಡಿದ್ರಿ?"

"ಒಬ್ರಾದ್ರೂ ಕೇಳ್ಬೌದಿತ್ತು."

"ನೀವು ಮುಚ್ಚಿಡ್ತಿದ್ರಿ. ನೀವು ಮುಚ್ಚಿಟ್ಟಿದ್ದ ನಾವ್ಯಾಕೆ ಬಿಚ್ಚಾನ? ಬನ್ನಿ ಬನ್ನಿ, ಒತ್ತಾಯ್ತದೆ."

ಅವನು ನಡೆದ. ನಾಚಿಕೆಯಾಯಿತು. ಹತ್ತಿರ ಹತ್ತಿರ ಒಂದು ವರ್ಷ ದಿನಕ್ಕೆರಡು ಸಲ ಅವರ ಜೊತೆ ಮಂಡಿಗೆ ಮಂಡಿ ತಾಗಿಸಿ ಕೂತಿದ್ದ. ಅವರು ತನ್ನನ್ನು ಹಿಡಿದು ಹತ್ತಿಸಿದ್ದರು, ಹಿಡಿದು ಇಳಿಸಿದ್ದರು, ಇಷ್ಟು ಮಾಡಿಯೂ ಮಾಡಿದ್ದು ಗೊತ್ತಾಗದ ಹಾಗೆ ನೋಡಿಕೊಂಡಿದ್ದರು. ತಾನು ಆ ಹೊತ್ತೆಲ್ಲ ಇವನಿಗೆ ಕಾಲುಂಗುರ ಬೇಕು, ಇವಳದು ಸಲಿಗೆ ಎಂದು ಎಣಿಸುತ್ತಾ ಕೂತಿದ್ದೆನಲ್ಲ! ಜನರನ್ನು ಒರೆಗೆ ಹಚ್ಚಿ ನೋಡುವ ಕೆಲಸ ಇನ್ನು ಸಾಕು ಅನ್ನಿಸಿತು. ನಾಚಿಕೆಯ ಕೆಳಗೆ ಇನ್ನೂ ಏನೋ ಇತ್ತು. ಅದು ಸಂತೋಷ ಎಂದು ಗುರುತು ಹಿಡಿಯಲು ಅವನಿಗೆ ಹಿರೋಡೆಯ ಹತ್ತಿರ ಬರುವವರೆಗೂ ಬೇಕಾಯಿತು.

ಊರ ಬಾಗಿಲಲ್ಲಿ ಚಿಕ್ಕಬೋರಮ್ಮ ನಿಂತಳು. "ಓಗಿ, ನಾ ಇಲ್ಲೇ ಮರದ ಕೆಳೀಕಿರ್ತೀನಿ. ನನ್ ಗಂಡ ಮುತ್ತಿಗೆ ವರ್ಸ ಓದ. ನಮ್ಮಂತೋರು ಮದ್ವೆ ಚಪ್ಪರದೊಳೀಕೆ ಬರಬಾರ್ದು."

"ನಾನು ಒಳೀಕೆ ಎಂಗ್ ಓಗ್ಲಿ? ಚಪ್ಪರದ ಕಂಬ ಯಾವುದು, ಬೀಗರು ಯಾರು ಅಂತ ನಂಗೇನು ಕಾಣ್ತದಾ?" ಎಂದ ಕಾಳಪ್ಪ. ಆ ಮಾತನ್ನು ಅವನು ಹೊರಗೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಅವನ ಜೊತೆ ಬಂದಳು.

ದ್ಯಾವಮ್ಮ ಇಡೀ ಕೊಪ್ಪಲಿಗೇ ಹಿರಿಯಳು. ಕಿವಿ ತುಂಬ ಓಲೆ, ಹಣೆ ತುಂಬ ಕುಂಕುಮ, ಮಾತು ಕಡಿಮೆ. ಗಂಡ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಿದ್ದ. ಮನೆ ನಡೆಸುವವಳು ಇವಳು. ಕಾಳಪ್ಪ ಹೇಳಿದ್ದನ್ನೆಲ್ಲ ಅವಳು ನಿಂತೇ ಕೇಳಿದಳು. ಕಣ್ಣಿನ ವಿಷಯವನ್ನೂ ಅವನು ಬಿಡಲಿಲ್ಲ. ಚಪ್ಪರದಲ್ಲಿದ್ದವರ ಕಿವಿಗಳೆಲ್ಲ ಈ ಕಡೆಗೆ ತಿರುಗಿದವು.

ಗಂಡಿನ ಕಡೆಯ ನರಸಯ್ಯ ಎಂಬ ಹಿರಿಯನೊಬ್ಬ ಎದ್ದ. "ಕಣ್ಣು ಕಾಣ್ದೋನ ಕೈಲಿ ತಾಳಿ ಮಾಡ್ಸವ್ರಲ್ಲ, ಇದೇನು ಮದ್ವೆ ಮನೆನಾ?"

"ತಪ್ಪು ಮುಚ್ಚಿಟ್ಕಂಡು ಮನೇಲಿ ಮಲ್ಗೋನ ಕೈ ಅಲ್ವಲ್ಲ, ಸುಮ್ಕಿರಪ್ಪ," ಎಂದಳು ದ್ಯಾವಮ್ಮ. ಆಮೇಲೆ ಕಾಳಪ್ಪನ ಕಡೆ ತಿರುಗಿದಳು. "ಗಂಟ ಬಿಚ್ಚಂಗಿಲ್ಲ ಆಚಾರಿ. ಬಿಚ್ಚುದ್ರೆ ಈ ಜನ ನನ್ ಮೊಮ್ಮಗಳ ತಲೆ ಮ್ಯಾಲೆ ಇಲ್ಲುದ್ದೆಲ್ಲ ಏರ್ತಾರೆ. ಬಿಚ್ಚದಂಗೆ ನಿಂಗೆ ಎಂಗ್ ಗೊತ್ತಾಯ್ತದೆ?"

"ಮುಟ್ಟಕ್ಕೆ ಬುಟ್ರೆ ಗೊತ್ತಾಯ್ತದೆ ತಾಯಿ."

ಅವಳು ದೇವರ ಮನೆಯಿಂದ ಮೊರ ತಂದು ಅವನ ಮುಂದೆ ಹಿಡಿದಳು. ಕಾಳಪ್ಪ ಗಂಟಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದ. ಬಟ್ಟೆಯ ಕೆಳಗೆ, ಅಗಲವಾದ ಬುಡದ ಮೇಲೆ ಗುಂಡಗೆ ಎದ್ದ ಲಿಂಗ. ತಾನೇ ಉಬ್ಬಿಸಿದ್ದು. ನಿನ್ನೆ ಇದನ್ನೇ ಮಾಡಿದ್ದರೆ ಇವತ್ತು ಇಷ್ಟು ಜನಕ್ಕೆ ಇಷ್ಟು ಕಷ್ಟ ಇರಲಿಲ್ಲ ಎಂದು ಅಳು ಬಂದ ಹಾಗಾಯಿತು.

"ಇದು ಮುದ್ದಯ್ಯಾರದು," ಎಂದ.

ಇನ್ನು ಕಾಯುವುದೊಂದೇ ಉಳಿದಿತ್ತು. ಹೊತ್ತು ನೆತ್ತಿಯಿಂದ ಜಾರಿತು. ಅಡಿಗೆ ಮುಗಿಯಿತು. ಹುಡುಗಿಗೆ ಎಣ್ಣೆ ನೀರಾಗಿ, ಸೀರೆ ಉಡಿಸಿ ಕೂರಿಸಿದರು. ಅವಳು ಅಳುತ್ತಿಲ್ಲ, ಆದರೆ ಉಗುರು ಕಡಿಯುತ್ತಿದ್ದಾಳೆ ಎಂದು ಚಿಕ್ಕಬೋರಮ್ಮ ಕಾಳಪ್ಪನ ಕಿವಿಯಲ್ಲಿ ಹೇಳಿದಳು. ನರಸಯ್ಯ ಎರಡು ಸಲ ಎದ್ದು ಹೊರಗೆ ಹೋಗಿ ಬಂದ. ಗಾಡಿ ಸಿಕ್ಕಿರಲಿಕ್ಕಿಲ್ಲ, ಸಿಕ್ಕಿದರೂ ಮುದ್ದಯ್ಯ ತಿರುಗಿರಲಿಕ್ಕಿಲ್ಲ, ಮಗಳ ಮದುವೆ ಇಟ್ಟುಕೊಂಡವನು ದಾರಿಯವನ ಮಾತು ಕೇಳಿ ಯಾಕೆ ತಿರುಗುತ್ತಾನೆ ಎಂದು ಕಾಳಪ್ಪ ಕಂಬಕ್ಕೊರಗಿ ಕೂತು ಬೆವರಿದ.

ದನಗಳು ಊರಿಗೆ ತಿರುಗುವ ಹೊತ್ತಾಗುತ್ತಿತ್ತು. ಆಗ ಎತ್ತಿನ ಕೊರಳ ಗಂಟೆ ಕೇಳಿಸಿತು. ಒಂದೇ ಸಮನೆ ಬಡಿದುಕೊಳ್ಳುತ್ತಿದ್ದ ಆ ಗಂಟೆಯೇ ಎತ್ತುಗಳನ್ನು ಓಡಿಸಿಕೊಂಡು ಬಂದಿದ್ದಾರೆಂದು ಹೇಳಿತು. ಮುದ್ದಯ್ಯ ಗಾಡಿಯಿಂದ ಧುಮುಕಿ, ಮೊರವನ್ನು ಎದೆಗವಚಿಕೊಂಡು ಒಳಗೆ ಬಂದ. ಮೈಯೆಲ್ಲ ಕೆಸರು. ಕಾಳಪ್ಪ ಕೈ ಮುಗಿದು ಎದ್ದು ನಿಂತ, ಏಟು ಬಿದ್ದರೂ ಬೀಳಲಿ ಎಂದು.

"ಒರೆಗಲ್ಲ ಕಳ್ಸ್ತೀಯಲ್ಲಯ್ಯ," ಎಂದ ಮುದ್ದಯ್ಯ ಏದುಸಿರು ಬಿಡುತ್ತಾ. "ಅದ ನೋಡಿ ನನ್ ಎದೆ ನಿಂತೋಯ್ತು. ಆಚಾರಿ ಸತ್ತೇ ಓದ್ನೇನೋ ಅನ್ಕಂಡೆ. ತಗೋ, ನಿನ್ ಕಲ್ಲು. ಎಲ್ಲಿ ನಮ್ ತಾಳಿ?"

ಕಾಳಪ್ಪ ಅವನ ಗಂಟನ್ನೂ ಒತ್ತಿ ನೋಡಿದ. ಮೂರು ಗೆರೆಯ ನಾಮ. ಎರಡು ಮೊರಗಳ ನಡುವೆ ಗಂಟುಗಳು ಕೈ ಬದಲಾಯಿಸಿದವು. ಒಂದು ದಾರವೂ ಸಡಿಲಾಗಲಿಲ್ಲ. ದ್ಯಾವಮ್ಮ ಮುದ್ದಯ್ಯನ ಎತ್ತುಗಳನ್ನು ನೋಡಿ, ಅವು ಬಾಯಲ್ಲಿ ನೊರೆ ಕಾರುತ್ತಿವೆ ಎಂದು ತನ್ನ ಮನೆಯ ಜೋಡಿಯನ್ನು ಬಿಚ್ಚಿಸಿ ಆ ಗಾಡಿಗೆ ಹೂಡಿಸಿದಳು. "ಮದ್ವೆ ಮುಗುಸ್ಕಂಡು ನಿಧಾನ್ವಾಗಿ ತಂದ್ಬುಡು," ಎಂದಳಷ್ಟೆ. ಒಂದು ಉಂಡೆ ಬೆಲ್ಲ, ಒಂದು ಚೊಂಬು ನೀರು ಕುಡಿದು ಮುದ್ದಯ್ಯ ಹೊಣಕೆರೆಯ ದಾರಿ ಹಿಡಿದ. ಪೂರ್ತಿ ರಾತ್ರಿ ನಡೆದರೆ ಬೆಳಗಿನ ಲಗ್ನಕ್ಕೆ ಮುಟ್ಟುತ್ತಾನೆ, ಎತ್ತುಗಳು ಅಂಥವು.

ಗಾಡಿ ಅತ್ತ ಹೋದದ್ದೇ ಇತ್ತ ಲಕ್ಷ್ಮಣ ಬಂದ. ಅಂಗಡಿ ಮುಚ್ಚಿ, ಹೊಳೆ ದಾಟಿ, ಗಂಜಾಮಿನಿಂದ ನಡೆದೇ ಬಂದಿದ್ದ. ಹುಸೇನ್ ಸಾಬಿ ಜ್ವರ ಎಂದು ಹೇಳಿ, ಎರಡು ಹೆಜ್ಜೆ ಹೋಗಿ, ಸುಳ್ಳು ಹೇಳಲಾರದೆ ತಿರುಗಿ ಬಂದು ಎಲ್ಲವನ್ನೂ ಹೇಳಿಬಿಟ್ಟಿದ್ದನಂತೆ.

"ನಂಗ್ಯಾಕೆ ಯೋಳ್ಲಿಲ್ಲ ಮಾವ?"

"ಗೊತ್ತಾದ್ರೆ ಕೆಲ್ಸ ಬುಡುಸ್ತೀಯ ಅಂತ."

ಲಕ್ಷ್ಮಣ ಒಳ್ಳೆಯ ಹುಡುಗ, ಸುಳ್ಳು ಹೇಳುವವನಲ್ಲ. "ನೆನ್ನೆ ಗೊತ್ತಾಗಿದ್ರೆ ಬುಡುಸ್ತಿದ್ದೆ," ಎಂದ. "ಈಗ ಊರೊಳೀಕೆ ಬರುವಾಗ ಯಾರೋ ಅಂತಿದ್ರು, ಬೆರಳಲ್ಲೇ ಕಾಣೋ ಆಚಾರಿ ಬಂದವ್ನೆ ಅಂತ. ಗೆರೆ ಎಳಿಯೋದು ನಿಮ್ ಕೈಲಾಗಲ್ಲ ಮಾವ, ಅದ ನಾ ಎಳೀತೀನಿ. ಉಬ್ಬುಸೋದು, ಉಜ್ಜೋದು, ಸರಿಯಾಗದಾ ಅಂತ ನೋಡೋದು ನಿಮ್ದು. ತಡಕಾಡಿ. ಎಲ್ಲರೆದುರ್ಗೂ ತಡಕಾಡಿ."

ಕಾಳಪ್ಪನಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಿನ್ನದ ಮೇಲೆ ಉಳಿಯಿಂದ ಚಿತ್ತಾರದ ಗೆರೆ ಎಳೆಯುವುದೇ ಅಕ್ಕಸಾಲಿಯ ಜೀವ. ಆದರೆ ಬೆಳಗ್ಗೆ ಎಲ್ಲವೂ ಹೋಯಿತು ಎಂದುಕೊಂಡು ಹೊರಟವನ ಕೈಯಲ್ಲಿ ಸಂಜೆಗೆ ಅರ್ಧ ಉಳಿದಿತ್ತು. ಆ ಅರ್ಧಕ್ಕೆ ಅವನು ತಲೆಯಾಡಿಸಿದ.

ವಾಲಗ ಶುರುವಾಯಿತು. ಧಾರೆಗೆ ಮುಂಚೆ ತಾಳಿಯ ಗಂಟು ಬಿಚ್ಚಿ, ಅಕ್ಷತೆಯ ತಟ್ಟೆಯಲ್ಲಿಟ್ಟು, ಹಿರಿಯರೆಲ್ಲ ಮುಟ್ಟಿ ಹರಸಲೆಂದು ಚಪ್ಪರದ ತುಂಬ ತಿರುಗಿಸಿದರು. ನರಸಯ್ಯನೂ ಮುಟ್ಟಿದ, ತಾಳಿಯನ್ನು ಎತ್ತಿ ನಾಮ ನೋಡಿಯೇ ಮುಟ್ಟಿದ. ಲಕ್ಷ್ಮಣ ಮುಟ್ಟಿದ. ತಟ್ಟೆ ಕಾಳಪ್ಪನ ಕೈಗೆ ಬಂತು. ಅವನು ಬೆರಳಿಟ್ಟು, ಒಳ್ಳೆಯದಾಗಲಿ ಮಗಳೇ ಎಂದು ಮನಸ್ಸಿನಲ್ಲೇ ಅಂದುಕೊಂಡ. ಅವನ ಪಕ್ಕ, ಕಂಬದ ಹಿಂದೆ, ಚಿಕ್ಕಬೋರಮ್ಮ ನಿಂತಿರುವುದು ಅವನಿಗೆ ಗೊತ್ತಾಗುತ್ತಿತ್ತು. ತಟ್ಟೆ ತಿರುಗಿಸುತ್ತಿದ್ದ ಹೆಂಗಸು ಅವಳನ್ನು ಬಿಟ್ಟು, ತಟ್ಟೆಯನ್ನು ಮುಂದಿನವರಿಗೆ ಕೊಡಲೆಂದು ಕೈ ಚಾಚಿದಳು.

ಕಾಳಪ್ಪ ತಟ್ಟೆ ಬಿಡಲಿಲ್ಲ.

"ಬೋರಮ್ಮ, ಬಾ," ಎಂದ. "ನೀ ಮುಟ್ಟು."

"ಬ್ಯಾಡಿ ಆಚಾರ್ರೆ, ಬ್ಯಾಡಿ," ಎಂದು ಅವಳು ಕಂಬದ ಹಿಂದಕ್ಕೆ ಇನ್ನಷ್ಟು ಸರಿದಳು. ಯಾರೋ ಕೆಮ್ಮಿದರು. ಯಾರೋ 'ಇದೆಂಥದು' ಅಂದರು. ಕಾಳಪ್ಪ ತಟ್ಟೆಯನ್ನು ಅವಳ ಕಡೆಗೇ ಹಿಡಿದಿದ್ದ. "ನಂಗೆ ಕಣ್ಣಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಈವಮ್ಮನ ಕಣ್ಣಾಗೇ ಈ ತಾಳಿ ಇಲ್ಲೀಗಂಟ ಬಂದದೆ. ಊವ್ವ ಎಲ್ಲಾ ಬುಟ್ಟು ಬಂದವ್ಳೆ. ಇವಳು ಮುಟ್ಟುದ್ರೆ ಕೆಟ್ಟದಾಯ್ತದೆ ಅನ್ನೋದಾದ್ರೆ, ಬೆಳಗ್ಗೇ ಕೆಟ್ಟದಾಗ್ಬೇಕಿತ್ತು."

ದ್ಯಾವಮ್ಮ ಹಸೆಯ ಪಕ್ಕದಿಂದ ಎದ್ದು ಬಂದಳು. ಕಾಳಪ್ಪನ ಕೈಯಿಂದ ತಟ್ಟೆ ತೆಗೆದುಕೊಂಡಳು. ಕಸಿದುಕೊಂಡಳು ಎಂದೇ ಅವನು ತಿಳಿದ. ಅವಳು ತಟ್ಟೆಯನ್ನು ತಾನೇ ಕಂಬದ ಹಿಂದಕ್ಕೆ ಹಿಡಿದಳು.

"ಮುಟ್ಟವ್ವ," ಎಂದಳು. "ನಿಂತ್ಕಂಡ್ರೆ ಲಗ್ನ ಮೀರ್ತದೆ."

ಚಿಕ್ಕಬೋರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಆಮೇಲೆ ಒಂದೇ ಒಂದು ಬೆರಳಿನ ತುದಿ ತಾಳಿಗೆ ತಾಗಿಸಿದಳು. ಅವಳ ಮುಖ ಕಾಳಪ್ಪನಿಗೆ ಕಾಣಲಿಲ್ಲ. ಅವಳು ಅಳುತ್ತಿದ್ದಾಳೆ ಎಂದು ಮಾತ್ರ ಗೊತ್ತಾಯಿತು, ಯಾಕೆಂದರೆ ಅವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ.